ಬನ್ನಿ ಕೊಟ್ಟ ಮನೆ

ಕೆಲವು ವರ್ಷಗಳ ಹಿಂದೆ, ರೋಗಕ್ಕೆ ಹೆದರಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಿದ್ದ ದಿನಗಳಲ್ಲಿ, ಒಂದು ಸಂಜೆ ಜನರೆಲ್ಲ ಬಾಲ್ಕನಿಗೆ ಬಂದು ತಾಟು ಬಡಿದದ್ದು ನಿಮಗೂ ನೆನಪಿರಬಹುದು. ಹುಬ್ಬಳ್ಳಿಯ ನಮ್ಮ ಕಟ್ಟಡದಲ್ಲೂ ಬಡಿದರು. ಎದುರು ಮನೆಯ ಹಿರಿಯರು ಹಿತ್ತಾಳೆಯ ಹರಿವಾಣವನ್ನೇ ತಂದಿದ್ದರು, ಮಕ್ಕಳು ಕುಣಿದರು, ಎಲ್ಲರಿಗೂ ಅದೊಂದು ಹಬ್ಬ. ಒಲೆಯ ಮುಂದೆ ನಿಂತಿದ್ದ ನಾನು ಮಾತ್ರ ಸೌಟು ಕೈಬಿಟ್ಟು, ಯಾರ ಮನೆಯಲ್ಲಿ, ಯಾರಿಗೆ ಹೊಡೆಯುತ್ತಿದ್ದಾರೆ ಎಂದು ಬಾಗಿಲಿಗೆ ಓಡಿದೆ. ಅರ್ಧ ಮೆಟ್ಟಿಲು ಇಳಿದ ಮೇಲೆ, ಇದು ಮಡಗಾಂವ್ ಅಲ್ಲ, ನಾನು ಹತ್ತು ವರ್ಷದ ಹುಡುಗಿಯೂ ಅಲ್ಲ ಎಂಬುದು ತಲೆಗೆ ಹೋಯಿತು. ನನ್ನ ಬಾಲ್ಯದಲ್ಲಿ ಸ್ಟೀಲಿನ ತಾಟಿನ ಸಪ್ಪಳಕ್ಕೆ ಇದ್ದದ್ದು ಒಂದೇ ಅರ್ಥ. ಎಲ್ಲೋ ಒಬ್ಬ ಹೆಂಗಸು ಏಟು ತಿನ್ನುತ್ತಿದ್ದಾಳೆ, ಬೇಗ ಬನ್ನಿ ಎಂದು.

ಆ ಅರ್ಥವನ್ನು ಕೊಟ್ಟವಳು ನನ್ನ ದೊಡ್ಡವ್ವ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿದ ಕಾಲ. ಗೋವಾದ ಮಡಗಾಂವಿನ ಹಳೆಯ ಮಾರ್ಕೆಟ್ಟಿನ ಓಣಿಯೊಂದರಲ್ಲಿ ಕೆಳಗೆ ದೊಡ್ಡಪ್ಪನ ಪಾತ್ರೆ ಅಂಗಡಿ, ಮೇಲೆ ನಮ್ಮ ಮನೆ. ಬೆಳಗಾವಿಯಿಂದ ಬಂದು ನೆಲೆಯೂರಿದ ಕುಟುಂಬ. ಅಪ್ಪ ಬೆಳಗ್ಗೆ ಕೊರ್ಲಿಮ್ ಕಾರ್ಖಾನೆಯ ಬಸ್ಸು ಹತ್ತಿದರೆ ಸಂಜೆಗೇ ಬರುವುದು, ಅವ್ವ ಅಡಿಗೆಮನೆ ಬಿಟ್ಟು ಹೊರಗೆ ಬರುವವಳಲ್ಲ. ಹಾಗಾಗಿ ನಾನು ಬೆಳೆದದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಹೊಸ ಪಾತ್ರೆಗಳನ್ನು ಸುತ್ತಿ ಬರುತ್ತಿದ್ದ ಒಣಹುಲ್ಲಿನ ರಾಶಿಯ ಮೇಲೆ. ಆ ಹುಲ್ಲಿನ ಧೂಳು, ಮಳೆಗಾಲದ ಗೋಣಿಚೀಲದ ಮುಗ್ಗಲು, ಮಧ್ಯಾಹ್ನವಾದರೆ ಪಕ್ಕದ ಮೇಣದಬತ್ತಿ ಅಂಗಡಿಯ ಕೊನ್ಸೆಸಾಂವ್ ಬಾಯಿಯ ಡಬ್ಬಿಯಿಂದ ಏಳುತ್ತಿದ್ದ ಮೀನಿನ ಸಾರಿನ ಘಮ, ಇವೆಲ್ಲ ಸೇರಿಯೇ ನನ್ನ ಮಟ್ಟಿಗೆ ಮನೆ. ನಾವು ಮೀನು ತಿನ್ನದ ಜನ. ಆದರೂ ಆ ವಾಸನೆ ಬಂದರೆ ನನ್ನ ಬಾಯಲ್ಲಿ ನೀರೂರುತ್ತಿತ್ತು, ಇದು ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ.

ದೊಡ್ಡವ್ವನ ಹೆಸರು ಶಿವಗಂಗವ್ವ. ಮೋತಿ ಡೊಂಗರ್ ಗುಡ್ಡದವರ ಬಾಯಲ್ಲಿ ಅದು ಗಂಗಾಬಾಯಿ ಆಗಿ, ಬರಬರುತ್ತ ಬರೀ ‘ಬಾಯಾರು’ ಆಗಿತ್ತು. ಗುಡ್ಡದ ತುಂಬ ನಮ್ಮ ಕಡೆಯ ಕೂಲಿಕಾರರು, ಗೌಂಡಿಗಳು, ತಗಡಿನ ಮನೆಗಳು. ಅವರಿಗೆ ಮುನಸಿಪಾಲಿಟಿಯ ನಲ್ಲಿ ತರಿಸಿದ್ದು, ಮಕ್ಕಳನ್ನು ಶಾಲೆಗೆ ಹಚ್ಚಿದ್ದು, ಸತ್ತ ಕೂಲಿಯವನ ಹೆಣವನ್ನು ಊರಿಗೆ ಕಳಿಸಿದ್ದು, ಸಂಜೆ ಅಂಗಡಿಯ ಹಿಂದೆ ಕನ್ನಡ ಅಕ್ಷರ ಕಲಿಸಿದ್ದು, ಕನ್ನಡ ಸಂಘದ ದಸರೆಗೆ ಹುಡುಗಿಯರಿಗೆ ಕೋಲಾಟ ಹೇಳಿಕೊಟ್ಟದ್ದು ಎಲ್ಲ ಅವಳೇ. ಸಂಘದ ಅಧ್ಯಕ್ಷ ದೊಡ್ಡಪ್ಪ, ಹಾರ ಅವನಿಗೆ, ಓಡಾಟ ಇವಳಿಗೆ. ಸ್ವಂತ ಮಕ್ಕಳಿಲ್ಲದ ಅವಳ ಸೆರಗಿನಲ್ಲಿ ಗುಡ್ಡದ ಅರ್ಧ ಮಕ್ಕಳು ಮೂಗು ಒರೆಸಿಕೊಂಡಿದ್ದರು. ಊಟದ ಹೊತ್ತಿಗೆ ಅವಳು ಮನೆಯಲ್ಲಿರದಿದ್ದರೆ ದೊಡ್ಡಪ್ಪ, “ಮನಿಗೆ ಮಾರಿ, ಊರಿಗೆ ಉಪಕಾರಿ,” ಎಂದು ಗೊಣಗಿ ತಾನೇ ಬಡಿಸಿಕೊಳ್ಳುತ್ತಿದ್ದ. ಆ ಗೊಣಗಾಟದಲ್ಲಿ ಹೆಮ್ಮೆಯೂ ಇತ್ತು ಎಂದು ನನಗೆ ಆಗಲೇ ಗೊತ್ತಿತ್ತು.

ತಾಟಿನ ಉಪಾಯ ಹೊಳೆದದ್ದು ಪಾತ್ರೆ ಅಂಗಡಿಯ ಹೆಂಗಸಾದ್ದರಿಂದಲೇ. ಹೊಡೆತ ತಿನ್ನುವವಳ ಕೂಗನ್ನು ದಿನವೂ ಕೇಳಿ ಓಣಿಯ ಕಿವಿ ಜಡ್ಡುಗಟ್ಟಿರುತ್ತದೆ, ಆದರೆ ಒಂದು ಪಾತ್ರೆ ಬಿದ್ದರೆ ಸಾಕು, ಸಂತೆಯೆಲ್ಲ ತಿರುಗಿ ನೋಡುತ್ತದೆ ಎನ್ನುತ್ತಿದ್ದಳು. ನೆಗ್ಗಿದ ತಾಟುಗಳನ್ನು ದೊಡ್ಡಪ್ಪನ ಕಣ್ಣು ತಪ್ಪಿಸಿ ಸಾಗಿಸಿ, ಗುಡ್ಡದ ಮನೆಮನೆಗೆ ಒಂದೊಂದು ಕೊಟ್ಟಳು. ಎಲ್ಲಾದರೂ ಹೊಡೆತದ ಸಪ್ಪಳ ಕೇಳಿದರೆ ತಮ್ಮ ಬಾಗಿಲಿಗೆ ಬಂದು ಚಮಚದಿಂದ ತಾಟು ಬಡಿಯಬೇಕು, ಪಕ್ಕದವಳು ಕೂಡಿಕೊಳ್ಳಬೇಕು, ಎಲ್ಲರೂ ಸೇರಿ ಆ ಮನೆಯ ಮುಂದೆ ನಿಂತು ಗಂಡಸು ಹೊರಗೆ ಬರುವ ತನಕ ಬಡಿಯಬೇಕು. ಬೈಯಬಾರದು, ಒಳಗೆ ನುಗ್ಗಬಾರದು. ನಾಚಿಕೆಗೋ ಕಿವಿನೋವಿಗೋ ಅಂತೂ ಅವನು ಹೊರಗೆ ಬಂದೇ ಬರುತ್ತಿದ್ದ.

ಒಂದು ಭಾನುವಾರ ನಾನೂ ಅವಳ ಜೊತೆ ಗುಡ್ಡದಲ್ಲಿದ್ದೆ. ಒಬ್ಬ ತನ್ನ ಹೆಂಡತಿಯ ಜಡೆ ಹಿಡಿದು ಕೆಂಪು ಚಿರೇಕಲ್ಲಿನ ಮೆಟ್ಟಿಲುಗಳ ಮೇಲೆ ದರದರನೆ ಎಳೆದು ತರುತ್ತಿದ್ದ. ಅವಳ ಮೊಣಕಾಲು ಕಿತ್ತು ಕಲ್ಲಿನ ಬಣ್ಣವೂ ರಕ್ತದ ಬಣ್ಣವೂ ಒಂದಾಗಿತ್ತು. ಬಾಯಿಂದ ಒಂದು ಹಲ್ಲು ಬಿದ್ದದ್ದನ್ನು ನಾನು ಕಂಡೆ. ತಾಟುಗಳ ಸದ್ದು ಶುರುವಾದ ಕೂಡಲೇ ಅವನು ಹುಚ್ಚು ಹಿಡಿದವನಂತೆ ಅರ್ಧ ಇಟ್ಟಿಗೆ ಎತ್ತಿ ಬೀಸಿದ. ಅದು ದೊಡ್ಡವ್ವನ ಹುಬ್ಬಿಗೆ ಬಡಿದು ಮುಖದ ಒಂದು ಕಡೆಯೆಲ್ಲ ರಕ್ತವಾಯಿತು. ಅವಳು ಕಣ್ಣು ಒರೆಸಿಕೊಳ್ಳದೆ ಹತ್ತಿರ ಹೋಗಿ, ತನ್ನ ನಿಯಮವನ್ನು ತಾನೇ ಮುರಿದು, ತಾಟಿನ ಅಂಚಿನಿಂದ ಅವನ ನೆತ್ತಿಗೆ ಒಂದು ಕೊಟ್ಟಳು. ಅವನು ಕೂತುಬಿಟ್ಟ. ಹೊಲಿಗೆ ಹಾಕಿಸಿಕೊಂಡು ಮನೆಗೆ ಬಂದವಳಿಗೆ ದೊಡ್ಡಪ್ಪ, “ಗಂಡ ಹೆಂಡಿರ ಜಗಳ ಉಂಡು ಮಲಗೂತನಕ. ನಡುವ ನಿಂದೇನು?” ಎಂದ. ದೊಡ್ಡವ್ವ, “ಉಣ್ಣಾಕ ಬಾಯಾಗ ಹಲ್ಲ ಉಳೀಬೇಕಲ್ರಿ,” ಎಂದು ರೊಟ್ಟಿ ಮುರಿದಳು.

ಮಾಳವ್ವ ನಮ್ಮ ಮನೆಗೆ ಬಂದದ್ದು ಒಂದು ನವರಾತ್ರಿಯ ಮೊದಲ ದಿನ. ಅವಳ ಗಂಡ ದುರ್ಗಪ್ಪ ಗೌಂಡಿ, ಮಗಳು ರೇಣುಕಾ ನನ್ನ ವಾರಿಗೆಯವಳು, ಸಂಜೆಯ ಅಕ್ಷರದ ಪಾಠದಲ್ಲಿ ನನ್ನ ಪಕ್ಕ ಕೂರುವವಳು. ಓಲೆ ಹಿಡಿದು ಎಳೆದಿದ್ದರಿಂದ ಮಾಳವ್ವನ ಕಿವಿ ಹರಿದು ಎರಡು ಎಸಳಾಗಿತ್ತು. ಬೆನ್ನಿನ ಮೇಲೆ ಕಲ್ಲು ಕೆತ್ತುವ ಬಾಚಿಯ ಹಿಡಿಯ ಬಾಸುಂಡೆಗಳು. ಹಬ್ಬ ಮುಗಿಯುವ ತನಕ ಅಂಗಡಿಯ ಹಿಂದಿನ ಕೋಣೆಯಲ್ಲೇ ತಾಯಿ ಮಗಳು ಉಳಿದರು. ಮಾಳವ್ವ ಸುಮ್ಮನೆ ಕೂರುವವಳಲ್ಲ. ಪಾತ್ರೆಗಳ ಹುಲ್ಲು ಬಿಡಿಸಿ, ಒರೆಸಿ, ಕನ್ನಡಿಯಂತೆ ಮಾಡಿ ಜೋಡಿಸುತ್ತಿದ್ದಳು, ಓಣಿಯಲ್ಲಿ ಗಂಡಸಿನ ಕೆಮ್ಮು ಕೇಳಿದರೆ ಕೈಯಲ್ಲಿದ್ದ ಪಾತ್ರೆ ಎದೆಗೆ ಅವಚಿಕೊಳ್ಳುತ್ತಿದ್ದಳು. ಅವಳು ಉಳಿದಷ್ಟು ದಿನ ಅಡಿಗೆಮನೆಯಲ್ಲಿ ಅವ್ವನಿಗೂ ಮಾತಿನ ಜೊತೆ ಸಿಕ್ಕಿತ್ತು.

ನಮ್ಮ ಕಡೆಯ ದಸರೆಯ ಬನ್ನಿ ನಿಮಗೆ ಗೊತ್ತಿದ್ದದ್ದೇ. ಸಂಜೆ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೋಣ,” ಎಂದು ಹಿರಿಯರ ಕಾಲು ಮುಟ್ಟುವುದು. ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಬೇಕು. ಮಾತು ಬಿಟ್ಟವನೂ ಬನ್ನಿ ಹಿಡಿದು ಬಂದರೆ ಒಲ್ಲೆ ಅನ್ನುವಂತಿಲ್ಲ. ಬೆಳಗಾವಿಯ ಬಸ್ಸಿನಲ್ಲಿ ಬನ್ನಿಯ ಟೊಂಗೆಗಳನ್ನು ತರಿಸಿ, ಬಾಡಿಗೆಯ ಸಭಾಂಗಣದಲ್ಲಿ ಸಂಘದವರು ಈ ಹಬ್ಬ ಮಾಡುತ್ತಿದ್ದರು. ಗುಡ್ಡದಲ್ಲಿ ಹೊಡೆದಾಡಿಕೊಂಡಿದ್ದ ಗಂಡಹೆಂಡಿರನ್ನು ದೊಡ್ಡವ್ವ ಅಲ್ಲಿಗೆ ಕರೆತಂದು ಎಲ್ಲರೆದುರು ಬನ್ನಿ ಕೊಡಿಸುತ್ತಿದ್ದಳು. ಅದಕ್ಕೊಂದು ನಿಯಮವನ್ನೂ ಮಾಡಿದ್ದಳು. ಬನ್ನಿ ಕೊಟ್ಟು ಒಂದಾದ ಮನೆಯ ಮುಂದೆ ದೀಪಾವಳಿಯ ತನಕ ಯಾರೂ ತಾಟು ಬಡಿಯಬಾರದು. ಮಾತಿಗೆ ಮಾತು ಬಂದಾಗಲೆಲ್ಲ ಓಣಿ ಬಾಗಿಲಿಗೆ ಬಂದು ನಿಂತರೆ, ಕೂಡಿದ ಮನಸ್ಸು ಮತ್ತೆ ಒಡೆಯುತ್ತದೆ ಎಂಬುದು ಅವಳ ಲೆಕ್ಕ. ಆ ನಿಯಮದಿಂದ ಕೆಲವು ಮನೆಗಳು ಖರೇನೇ ಉಳಿದವು. ಅದಕ್ಕೇ ಅವಳಿಗೆ ಅದರ ಮೇಲೆ ಅಷ್ಟು ನಂಬಿಕೆ.

ಆ ದಸರೆಗೆ ದುರ್ಗಪ್ಪ ಬಿಳಿ ಅಂಗಿ ಹಾಕಿಕೊಂಡು, ಮೀಸೆಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಸಂಘದ ಹಿರಿಯರ ಕಾಲಿಗೆ ಬಿದ್ದು ಅತ್ತ. ಎಲ್ಲರಿಗೂ ಕರುಳು ಚುರ್ ಎಂದಿತು. ನಾನು ಕೋಲಾಟದ ಕೋಲು ಹಿಡಿದು ದೊಡ್ಡವ್ವನ ಮಗ್ಗುಲಲ್ಲೇ ನಿಂತಿದ್ದೆ. ಮಾಳವ್ವ ಕಂಬಕ್ಕೆ ಆತುಕೊಂಡು, ತುಟಿ ಅಲುಗಿತೋ ಇಲ್ಲವೋ ಎಂಬಷ್ಟು ಸಣ್ಣಗೆ ಹೇಳಿದಳು. “ಬ್ಯಾಡ್ರಿ ಬಾಯಾರ. ಮಂದಿ ಮುಂದ ಅಳ್ತಾನ, ಮನ್ಯಾಗ ಕೊಲ್ತಾನ. ನನ್ನ ಖರೇನ ಕೊಲ್ತಾನ್ರಿ.” ದೊಡ್ಡವ್ವ ಅವಳ ಮುಖ ನೋಡಿದಳು, ಸಭಾಂಗಣದ ಕಡೆ ನೋಡಿದಳು. “ಹಬ್ಬದ ದಿನ ಬನ್ನಿ ಒಲ್ಲೆ ಅನಬಾರದವ್ವಾ. ನಾ ಅದೀನಲ್ಲ,” ಎಂದು ದುರ್ಗಪ್ಪನ ಕೈಯಿಂದ ಎಲೆ ತೆಗೆದು ಮಾಳವ್ವನ ಅಂಗೈಯಲ್ಲಿಟ್ಟು ತಾನೇ ಬೆರಳು ಮಡಿಚಿದಳು. ಸಂಘದ ಫೋಟೋದವನು ಚಕ್ಕನೆ ಬೆಳಕು ಹೊಡೆದ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ದೀಪಾವಳಿಗೆ ಇನ್ನೂ ದಿನವಿತ್ತು. ಒಂದು ಸಂಜೆ ಅಂಗಡಿಯ ಹಿಂದೆ ಪಾಠ ನಡೆದಿತ್ತು, ರೇಣುಕಾ ಪಾಟಿಯ ಮೇಲೆ ತನ್ನ ಹೆಸರು ಬರೆಯುತ್ತಿದ್ದಳು. ಮಾಳವ್ವನ ನೆರೆಯವಳೊಬ್ಬಳು ಓಡಿಬಂದು ಬಾಗಿಲಲ್ಲಿ ಕುಸಿದಳು. ಅವಳ ಕೈಯಲ್ಲಿ ತಾಟಿತ್ತು. “ಬಡೀಲಿಲ್ರಿ ಬಾಯಾರ,” ಎಂದಳು. “ಬನ್ನಿ ಕೊಟ್ಟ ಮನಿ ಅಂತ ಬಡೀಲಿಲ್ರಿ. ಎಲ್ಲಾರೂ ತಾಟ ಹಿಡಕೊಂಡ ನಿಂತಿದ್ವಿ.” ದೊಡ್ಡವ್ವ ಬರಿಗಾಲಲ್ಲಿ ಓಡಿದಳು. ರೇಣುಕಾಳನ್ನು ಅವ್ವ ಹಿಡಿದುಕೊಂಡಳು, ನನ್ನನ್ನು ಹಿಡಿಯಲು ಮರೆತಳು. ಆದ್ದರಿಂದ ನಾನು ನೋಡಬಾರದ್ದನ್ನು ನೋಡಿದೆ. ಮಾಳವ್ವ ಒಲೆಯ ಮುಂದೆ ಹಿಟ್ಟು ನಾದುವ ಪರಾತದ ಮೇಲೆ ಬಿದ್ದಿದ್ದಳು. ಬಲಗೈ ಮೊಣಕೈತನಕ ಜೋಳದ ಹಿಟ್ಟು. ಬಾಚಿಯ ಏಟಿಗೆ ಮುಖದ ಜಾಗದಲ್ಲಿ ಮುಖ ಉಳಿದಿರಲಿಲ್ಲ. ಹರಿದು ಹೊಲಿದಿದ್ದ ಆ ಕಿವಿಯಿಂದಲೇ ಅವಳೆಂದು ಗುರುತು ಹಿಡಿದೆ. ಹಿಟ್ಟಿಗೆ ರಕ್ತ ಇಳಿದು ಅದೂ ಉಂಡೆಯಾಗಿತ್ತು. ಹೊರಗೆ, ದೊಡ್ಡವ್ವ ಓಡಾಡಿ ತರಿಸಿದ್ದ ಮುನಸಿಪಾಲಿಟಿ ನಲ್ಲಿಯ ಕೆಳಗೆ, ದುರ್ಗಪ್ಪ ದಿನವೂ ಕೆಲಸ ಮುಗಿಸಿ ಬಂದವನ ಹಾಗೆ ನಿಧಾನವಾಗಿ ಬಾಚಿ ತೊಳೆಯುತ್ತಿದ್ದ. ಗುಡ್ಡದ ಹೆಂಗಸರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ತಾಟು ಹಿಡಿದು ನಿಂತೇ ಇದ್ದರು. ಆ ಬಾಚಿ ಕಿತ್ತುಕೊಂಡು ಅವನ ತಲೆಗೆ ಹೊಡೆಯಬೇಕೆಂದು ಆ ಹೊತ್ತಿಗೆ ನನಗನಿಸಿತು. ಈಗಲೂ ಅನಿಸುತ್ತದೆ.

ಪೊಲೀಸರಿಗೆ ಅವನು, ನೀರಿನ ಕೊಡ ಹೊತ್ತು ಕಲ್ಲಿನ ಮೆಟ್ಟಿಲಲ್ಲಿ ಜಾರಿದಳು, ನಾನೇ ಎತ್ತಿ ಒಳಗೆ ತಂದೆ, ಬಾಚಿ ದಿನವೂ ತೊಳೆಯುವುದೇ ಎಂದ. ಕೈಗೆ ಹಿಟ್ಟು ಹತ್ತಿಸಿಕೊಂಡು ಯಾವ ಹೆಂಗಸು ಕೊಡ ಹೊರುತ್ತಾಳೆ? ಆದರೆ ಹೊಡೆಯುವಾಗ ಬಾಗಿಲು ಒಳಗಿನಿಂದ ಹಾಕಿತ್ತು, ಕಣ್ಣಾರೆ ಕಂಡವರಿಲ್ಲ. ಗುಡ್ಡದವರು ಅಂಜಿ ಬಾಯಿ ಬಿಡಲಿಲ್ಲ. ಪ್ರಕರಣ ಕೋರ್ಟಿಗೆ ಬರಲು ವರ್ಷದ ಮೇಲಾಯಿತು. ಅಷ್ಟರಲ್ಲಿ ಅವನ ವಕೀಲ ಬನ್ನಿಯ ಆ ಫೋಟೋ ಸಂಪಾದಿಸಿದ್ದ. ಗಂಡ ನಗುತ್ತಿದ್ದಾನೆ, ಹೆಂಡತಿಯ ಮುಷ್ಟಿಯಲ್ಲಿ ಎಲೆ ಇದೆ, ಹಿಂದೆ ಸಂಘದ ಬ್ಯಾನರು. ಇಷ್ಟು ಅನ್ಯೋನ್ಯವಾಗಿದ್ದವರಲ್ಲಿ ಕೊಲೆಯ ಮಾತೆಲ್ಲಿಂದ ಬಂತು ಎಂಬುದೇ ಅವನ ವಾದವಾಗಿತ್ತು. ಮಾಳವ್ವ ಕಂಬಕ್ಕೆ ಆತು ಹೇಳಿದ ಆ ಮಾತನ್ನು ಕೇಳಿದ್ದ ದೊಡ್ಡವರೆಂದರೆ ದೊಡ್ಡವ್ವ ಒಬ್ಬಳೇ, ಸಣ್ಣ ಹುಡುಗಿಯಾದ ನನ್ನನ್ನು ಯಾರೂ ಕೇಳಲಿಲ್ಲ. ಅವಳು ಅದನ್ನು ಹೇಳಿದರೆ ದುರ್ಗಪ್ಪ ಸಿಕ್ಕಿಬೀಳುತ್ತಾನೆ, ಹೇಳದಿದ್ದರೆ ಬಿಡುಗಡೆಯಾಗಿ ಮನೆಗೆ ಬರುತ್ತಾನೆ, ಮಗಳನ್ನೂ ಕೇಳುತ್ತಾನೆ. ರೇಣುಕಾ ಆಗ ನಮ್ಮ ಮನೆಯಲ್ಲೇ ಇದ್ದಳು. ಅವನ ಹೆಸರು ಕೇಳಿದರೆ ಅವಳಿಗೆ ನಿಂತಲ್ಲೇ ಉಚ್ಚೆ ಹೋಗುತ್ತಿತ್ತು.

ಸಂಘದ ಹಿರಿಯರು ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಕೂತರು. ಎಲ್ಲರೂ ಸಂಭಾವಿತರು, ಬ್ಯಾಂಕಿನವರು, ಅಂಗಡಿಯವರು. ಅವರಲ್ಲಿ ಹಿರಿಯನೊಬ್ಬ ನುಣ್ಣಗೆ ಹೇಳಿದ. “ನಾವು ಪರಸ್ಥಳದಾಗ ಇರಾವ್ರು ವೈನಿ. ಮೊದಲ ನಮಗ ಘಾಟಿ ಮಂದಿ ಅಂತಾರ. ಸಂಘದ ಕಟ್ಟಡಕ್ಕ ಜಾಗಾ ಕೇಳೇವಿ. ಗಂಡ ಹೆಂಡತಿ ಒಂದಾಗಿದ್ರು, ನಾನ ಬನ್ನಿ ಕೊಡಿಸೇನಿ ಅಂತ ಇಷ್ಟ ಹೇಳ್ರಿ. ಅದೇನ ಸುಳ್ಳಲ್ಲಲ್ಲ.” ಘಾಟಿ ಎಂದರೆ ಘಟ್ಟದ ಮೇಲಿನಿಂದ ಬಂದ ನಮ್ಮಂಥವರಿಗೆ ಅಲ್ಲಿನವರು ಇಟ್ಟ ಬೈಗುಳ. ಕೊಲೆಯಾದ ಮೇಲೆ ಯಾರೋ ಅದನ್ನೇ ಕೂಗಿ ನಮ್ಮ ಅಂಗಡಿಯ ಗಾಜಿಗೆ ಕಲ್ಲು ತೂರಿದ್ದರು. ದೊಡ್ಡವ್ವ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಸಾಕ್ಷಿಯ ಹಿಂದಿನ ದಿನ, ದೀಪ ಹಚ್ಚುವ ಹೊತ್ತಿಗೆ, ದೊಡ್ಡಪ್ಪ ಅಂಗಡಿಯಲ್ಲಿ ಅವಳನ್ನು ನಿಲ್ಲಿಸಿ ಕೇಳಿದ. “ನಾಳೆ ಏನ್ ಹೇಳಾಕಿ?” “ಅಕಿ ಅಂದದ್ದು.” “ಕೊಲ್ತಾನಂತ ಅಕಿ ಅಂದ ಮ್ಯಾಲೂ ನೀ ಕಳಿಸಿದಿ ಅಂತಾಗತೈತಿ. ಊರ ಮಂದಿ ಮುಖಕ್ಕ ಉಗಳ್ತಾರ.” “ಉಗಳಲಿ,” ಎಂದಳು. ದೊಡ್ಡಪ್ಪನ ಕೈ ಎದ್ದಿತು. ಬೆಕ್ಕಿಗೂ ಹೊಡೆಯದ ಮನುಷ್ಯ ಅವನು. ಮೊದಲ ಏಟು ಕೆನ್ನೆಗೆ, ಎರಡನೆಯದು ಹಳೆಯ ಹೊಲಿಗೆಯ ಹುಬ್ಬಿಗೆ. ಅವಳು ಬಕೆಟ್ಟುಗಳ ರಾಶಿಯ ಮೇಲೆ ಬಿದ್ದಳು, ರಾಶಿ ಉರುಳಿತು. ಅವನು ಮತ್ತೆ ಕೈಯೆತ್ತಿ ಅವಳ ಮೇಲೆ ಬಾಗಿದ. ಅವನ ಕಣ್ಣಲ್ಲಿ ಇದ್ದದ್ದು ದೊಡ್ಡಪ್ಪ ಅಲ್ಲ. ನಾನು ಕಪಾಟಿನಿಂದ ಒಂದು ತಾಟು ಎಳೆದುಕೊಂಡು ಸೌಟಿನಿಂದ ಬಡಿಯತೊಡಗಿದೆ. ಸರಿಯಾಗಿ ಸದ್ದು ಬರಲಿಲ್ಲ. ಆಗ ರೇಣುಕಾ ಹುಲ್ಲಿನ ಕೋಣೆಯಿಂದ ಬಂದು ಇನ್ನೊಂದು ತಾಟು ತೆಗೆದುಕೊಂಡಳು. ಅವಳು ಬಡಿದದ್ದು ಅಂತಿಂಥದ್ದಲ್ಲ. ತಾಯಿಗೆ ಬಡಿಯದೇ ಹೋದದ್ದನ್ನೆಲ್ಲ ಸೇರಿಸಿ ಬಡಿದಳು, ತಾಟಿನ ನಡುವೆ ತೂತು ಬೀಳುವಂತೆ. ಓಣಿಯ ಅಂಗಡಿಯವರೆಲ್ಲ ಬಾಗಿಲಿಗೆ ಬಂದರು. ಕೊನ್ಸೆಸಾಂವ್ ಬಾಯಿ ಕೈಯಲ್ಲಿ ಮೇಣದಬತ್ತಿಯ ಕಟ್ಟು ಹಿಡಿದೇ ಒಳಗೆ ಬಂದು, “ಕಿತೆಂ ಜಾಲೆಂ?” ಎಂದು, ಏನಾಯಿತೆಂದು ಕೇಳಿದಳು. ಹೋಗದೆ ಅಲ್ಲೇ ನಿಂತಳು. ದೊಡ್ಡಪ್ಪ ಸ್ಟೂಲಿನ ಮೇಲೆ ಕೂತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಮರುದಿನ ಕೋರ್ಟಿನಲ್ಲಿ ದೊಡ್ಡವ್ವ ಬಾತ ಕಣ್ಣಿನಲ್ಲೇ ನಿಂತಳು. ನಾನು ಅವ್ವನ ಜೊತೆ ಹಿಂದಿನ ಬೆಂಚಿನಲ್ಲಿದ್ದೆ. ವಕೀಲ ಫೋಟೋ ತೋರಿಸಿ, ಇದರಲ್ಲಿರುವುದು ನೀವೇ ತಾನೆ, ಇವರನ್ನು ಒಂದು ಮಾಡಿದವರು ನೀವೇ ತಾನೆ ಎಂದು ಹಿಂದಿಯಲ್ಲಿ ಕೇಳಿದ. ಅವಳು ಹೌದೆಂದಳು. ಆಮೇಲೆ ಯಾರೂ ಕೇಳದೆ ಕನ್ನಡದಲ್ಲಿ ಹೇಳತೊಡಗಿದಳು. “ಅಕಿ ಒಲ್ಲೆ ಅಂದ್ಲು. ನನ್ನ ಕೊಲ್ತಾನ ಅಂದ್ಲು. ನನಗ ಕೇಳಿಸ್ತು. ಕೇಳಿಸಿದ ಮ್ಯಾಲೂ ನಾನ ಅಕಿ ಕೈಯಾಗ ಬನ್ನಿ ಇಟ್ಟು ಬೆರಳು ಮುಚ್ಚಿದ್ನಿ. ತಾಟ ಬಡೀಬ್ಯಾಡ್ರಿ ಅಂತ ಓಣಿಗೆ ಹೇಳಿದಾಕೀನೂ ನಾನ.” ಅದನ್ನೇ ಹಿಂದಿಯಲ್ಲಿ ಹೇಳಿದಳು, ಬರೆದುಕೊಳ್ಳುವವನು ತಲೆಯೆತ್ತಿ ನೋಡಿದಾಗ ತನ್ನ ಹರಕುಮುರುಕು ಕೊಂಕಣಿಯಲ್ಲೂ ಹೇಳಿದಳು. ಅವಳು ಬಾಯಿ ಬಿಟ್ಟ ಮೇಲೆ ಗುಡ್ಡದ ಹೆಂಗಸರೂ ಒಬ್ಬೊಬ್ಬರೇ ಬಂದು, ಕಿವಿಯಾರೆ ಕೇಳಿದ್ದನ್ನು ಹೇಳಿದರು. ದುರ್ಗಪ್ಪನಿಗೆ ಜೀವಾವಧಿಯಾಯಿತು. ತೀರ್ಪಿನ ದಿನ ಕೋರ್ಟಿನ ಮೆಟ್ಟಿಲಿಳಿಯುವಾಗ ಊರಿಂದ ಬಂದಿದ್ದ ಮಾಳವ್ವನ ತಾಯಿ ದೊಡ್ಡವ್ವನ ಎದುರು ನಿಂತು ಮುಖಕ್ಕೆ ಉಗಿದಳು. “ನೀನ ಕೊಂದಿ,” ಎಂದಳು. ದೊಡ್ಡವ್ವ, “ಹೌದವ್ವಾ,” ಎಂದು ಆ ಮುದುಕಿಯ ಕೈ ಹಿಡಿದು ಉಳಿದ ಮೆಟ್ಟಿಲು ಇಳಿಸಿದಳು.

ಸಂಘದವರು ಅವಳನ್ನು ಬಿಟ್ಟರು. ದೊಡ್ಡಪ್ಪನೂ ಅಧ್ಯಕ್ಷಗಿರಿ ಬಿಟ್ಟ. ಅವಳಿಗೆ ಎದುರಾಗಿ ನಿಂತು ಮಾತಾಡಲು ಅವನಿಗೆ ಮುಂದೆ ಎಂದೂ ಆಗಲಿಲ್ಲ. ದೊಡ್ಡವ್ವ ಮಾತ್ರ ಗುಡ್ಡ ಬಿಡಲಿಲ್ಲ. ಹಬ್ಬವಿರಲಿ ಹುಣ್ಣಿಮೆಯಿರಲಿ, ಸಪ್ಪಳ ಕೇಳಿದರೆ ಬಡಿಯಿರಿ ಎಂದು ಮನೆಮನೆಗೆ ಹೇಳಿಬಂದಳು. ದಸರೆಯ ಸಂಜೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ರೇಣುಕಾ ನಮ್ಮಲ್ಲೇ ಬೆಳೆದು, ಓದಿ, ವೆರ್ಣಾದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಹಿಡಿದಳು. ಅವಳ ತಲೆ ಬಾಚುವಾಗ, ಅವಳಿಗೆ ಬಡಿಸುವಾಗ, ದೊಡ್ಡವ್ವ ಒಂದೇ ಮಾತು ಕೇಳುತ್ತಿದ್ದಳು. “ಅವತ್ತ ಬನ್ನಿ ತಗೊಂಡ ಮನಿಗೆ ಹೋಗೂ ಮುಂದ, ನಿಮ್ಮವ್ವ ನನಗೇನರ ಬೈದ್ಲೇನ?” ರೇಣುಕಾ ಯಾವಾಗಲೂ, “ಇಲ್ರಿ ಬಾಯಾರ, ಸುಮ್ಮನ ನಡದ ಬಂದ್ಲು,” ಎನ್ನುತ್ತಿದ್ದಳು. ಆ ಉತ್ತರವನ್ನು ದೊಡ್ಡವ್ವ ನಂಬುತ್ತಿರಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು ಎಂದು ನನಗೆ ತೋರುತ್ತದೆ.

ಎರಡು ಸಾವಿರದ ಹನ್ನೆರಡರ ಮಳೆಗಾಲದಲ್ಲಿ ದೊಡ್ಡವ್ವ ತೀರಿಕೊಂಡಳು. ಕೊನೆಯ ದಿನವೂ ಅದನ್ನೇ ಕೇಳಿದಳು, ರೇಣುಕಾ ಅದನ್ನೇ ಹೇಳಿದಳು. ಮಣ್ಣು ಮಾಡಿ ಬಂದ ಮೇಲೆ ಹುಲ್ಲಿನ ಕೋಣೆಯಲ್ಲಿ ನಾವಿಬ್ಬರೇ ಕೂತಿದ್ದೆವು. ಅವಳು ಕಾರ್ಖಾನೆಯ ನೀಲಿ ಅಂಗಿಯಲ್ಲೇ ಇದ್ದಳು. ಖರೇನೇ ಏನೂ ಅನ್ನಲಿಲ್ಲವೇ ಎಂದು ನಾನು ಕೇಳಿದೆ.

“ಅಂದಿದ್ಲು,” ಎಂದಳು ರೇಣುಕಾ. “ಅಪ್ಪ ಮತ್ತ ಹೊಡಿತಾನ ಬ್ಯಾಡಬೇ ಯವ್ವಾ ಅಂತ ನಾನ ಅತ್ತಿದ್ನಿ. ಹಾದ್ಯಾಗ ನಿಂತು ನನಗ ಚುರುಮುರಿ ಕೊಡಿಸಿದ್ಲು. ‘ಅಳಬ್ಯಾಡ, ಬಾಯಾರು ಯೋಚನಿ ಮಾಡೇ ಮಾಡಿರ್ತಾರ. ಅವರಷ್ಟ ನಮಗ ತಿಳೀತೈತೇನು?’ ಅಂದ್ಲು. ನಕ್ಕೋತ ಅಂದ್ಲು.” ಅಂಗಿಗೆ ಹತ್ತಿದ ಹುಲ್ಲು ಕೊಡವಿ, “ಬಾಯಾರು ಕೇಳಿದಾಗೊಮ್ಮೆ ನಾಲಗಿ ತುದಿಗೆ ಬರ್ತಿತ್ತು. ಹ್ಯಾಂಗ ಹೇಳ್ಲಿ ಅದನ್ನ?” ಎಂದಳು.

ಓಣಿಯ ತುದಿಯಲ್ಲಿ ಕಂಪನಿಯ ಬಸ್ಸು ಹಾರ್ನ್ ಹಾಕಿತು. ರೇಣುಕಾ ಮುಖ ತೊಳೆದುಕೊಂಡು ಪಾಳಿಗೆ ಹೋದಳು.